ಜಪಾನ್ ಮತ್ತು ಚೀನ ದೇಶಗಳ ಮಹಾಸಾಲಮಾಂಡರುಗಳು

ಸಾಲಮಾಂಡರ್ ಎಂಬ ಪ್ರಾಣಿಗೆ ಕನ್ನಡದಲ್ಲಿ ಹೆಸರಿಲ್ಲ. ಹೆಸರಿಲ್ಲದುದಕ್ಕೆ ಕಾರಣವು ಸರಳವಾದುದು. ಆ ಪ್ರಾಣಿಯೇ ನಮ್ಮ ನಾಡಿನಲ್ಲಿಲ್ಲ. ಉಭಯಚರಗಳ ವರ್ಗದಲ್ಲಿ ಈಗ ಬದುಕಿರತಕ್ಕವು ಮೂರು ಗಣಗಳು: ಬಾಲವಿಲ್ಲದ ಕಪ್ಪೆಗಳು, ಕಾಲಿಲ್ಲದೆ ಎರೆಹುಳುವಿನಂತೆ ಮಣ್ಣಿನಲ್ಲಿ ಹುದುಗಿರುವ ಸಿಸಿಲಿಯನ್ನುಗಳು, ಕಾಲೂ ಬಾಲವೂ ಉಳ್ಳ ಸಾಲಮಾಂಡರುಗಳು. ಮೊದಲೆರಡು ಗಣಗಳಲ್ಲಿ ನಮ್ಮ ಪಶ್ಚಿಮಘಟ್ಟಗಳು ಬಹು ಸಮೃದ್ಧವಾಗಿವೆ. ಮೂರನೆಯದು ಮಾತ್ರ ದಕ್ಷಿಣಭಾರತದಲ್ಲಿ ಎಲ್ಲಿಯೂ ಕಾಣದು. ಡಾರ್ಜಿಲಿಂಗಿನ ಬೆಟ್ಟಗಳಲ್ಲಿಯೂ ಈಶಾನ್ಯದ ಕೆಲವು ಗುಡ್ಡಗಾಡುಗಳಲ್ಲಿಯೂ ಇರುವ ಗೇಣುದ್ದದ ಪ್ರಾಣಿಗಳೇ ಭಾರತದ ಪಾಲಿಗೆ ಬಂದಿರುವ ಸಾಲಮಾಂಡರುಗಳು. ಹಲ್ಲಿಯ ಆಕಾರಕ್ಕೆ ಕಪ್ಪೆಯ ತೊಗಲನ್ನು ಹೊದಿಸಿದರೆ ಹೇಗೋ ಹಾಗೆಂದು ವಾಚಕರು ಭಾವಿಸಿಕೊಳ್ಳಬಹುದು. ಹಲ್ಲಿಗಿರುವ ಹುರುಪೆಗಳು ಇದಕ್ಕಿಲ್ಲ. ಮೈ ಸದಾ ತೇವವಾಗಿರಬೇಕು.

ಈ ಗಣದಲ್ಲಿ ಅತ್ಯಂತ ದೊಡ್ಡವಾದ ಎರಡು ಜಾತಿಗಳನ್ನು ಕುರಿತು ಇಲ್ಲಿ ವಿಚಾರಮಾಡುವುದಾಗಿದೆ. ಒಂದು ಜಪಾನಿನದು, ಆಂಡ್ರಿಯಾಸ್ ಜಪೋನಿಕಸ್. ಇನ್ನೊಂದು ಚೀನದ್ದು, ಆಂಡ್ರಿಯಾಸ್ ಡೇವಿಡಿಯಾನಸ್. ಇವೆರಡೂ ನೋಟಕ್ಕೆ ಅವಳಿಗಳಂತಿದ್ದು, ಬಲ್ಲವರನ್ನು ಬಿಟ್ಟರೆ ಇತರರು ಗುರುತಿಸಲಾರರು. ಆದರೆ ಇವುಗಳ ಪಾಡು ಒಂದೇ ಬಗೆಯದಾಗಿಲ್ಲ. ಒಂದರ ಅಪಾಯ ಇನ್ನೊಂದರ ಅಪಾಯದೊಡನೆ ಹೆಣೆದುಕೊಂಡಿರುವ ರೀತಿಯಂತೂ ಪ್ರಾಣಿರಕ್ಷಣೆಯ ಚರಿತ್ರೆಯಲ್ಲಿ ವಿಲಕ್ಷಣವಾದುದೆಂದೇ ಹೇಳಬೇಕು.

ಮೊದಲು ಇವುಗಳ ಕುಲನಾಮದ ಕಥೆಯನ್ನು ಹೇಳುವುದು ಉಚಿತ. ಜೂರಿಚ್ ನಗರದ ಷೊಯ್ಕ್‌ಸರ್ ಎಂಬ ವಿದ್ವಾಂಸನು ೧೭೨೬ರಲ್ಲಿ ಒಂದು ಶಿಲಾವಶೇಷವನ್ನು ಪ್ರಕಟಿಸಿ, ಇದು ಬೈಬಲಿನಲ್ಲಿ ಹೇಳಿರುವ ಜಲಪ್ರಳಯದಲ್ಲಿ ಮುಳುಗಿ ಸತ್ತ ಮನುಷ್ಯನ ಅಸ್ಥಿಯೆಂದೂ, ಆ ಪ್ರಳಯಕ್ಕೆ ಸಾಕ್ಷಿಯೆಂದೂ ಸಾರಿದನು. ಅಗಲವಾದ ತಲೆ, ಬೆನ್ನುಮೂಳೆಯ ಸಾಲು, ದೊಡ್ಡ ಕಣ್ಣುಗುಳಿಗಳು ಅವನನ್ನು ಹಾಗೆ ನಂಬಿಸಿದುವು. ೧೮೧೧ರಲ್ಲಿ ಫ್ರಾನ್ಸಿನ ಕ್ಯೂವಿಯೇ ಹಾರ್ಲೆಮ್ ನಗರದ ವಸ್ತುಸಂಗ್ರಹಾಲಯದಲ್ಲಿ ಅದೇ ಕಲ್ಲನ್ನು ಎಚ್ಚರಿಕೆಯಿಂದ ಕೆತ್ತಿಸಿ, ಹುದುಗಿದ್ದ ಮುಂಗಾಲುಗಳನ್ನು ಹೊರಪಡಿಸಿ, ಅದು ಮನುಷ್ಯನಲ್ಲ, ದೊಡ್ಡದೊಂದು ಸಾಲಮಾಂಡರ್ ಎಂಬುದನ್ನು ತೋರಿಸಿಕೊಟ್ಟನು. ಆದರೂ ೧೮೩೭ರಲ್ಲಿ ಕುಲಕ್ಕೆ ಹೆಸರಿಡುವಾಗ ‘ಮನುಷ್ಯನ ಪ್ರತಿಮೆ’ ಎಂಬ ಅರ್ಥಬರುವ ‘ಆಂಡ್ರಿಯಾಸ್’ ಎಂಬ ಗ್ರೀಕ್ ಪದವನ್ನೇ ಇಟ್ಟರು. ಹೀಗೆ ಒಂದನ್ನು ಇನ್ನೊಂದೆಂದು ತಿಳಿದ ಭ್ರಮೆಯ ನೆನಪು ಈ ಪ್ರಾಣಿಗಳ ಹೆಸರಿನಲ್ಲಿಯೇ ನಿಂತುಬಿಟ್ಟಿದೆ. ಮುಂದೆ ಹೇಳಲಿರುವ ಸಂಗತಿಗಳನ್ನು ನೋಡಿದರೆ ಆ ಭ್ರಮೆಯ ವಂಶ ಇನ್ನೂ ಮುಗಿದಿಲ್ಲವೆಂದು ತೋರುತ್ತದೆ. ಆ ಶಿಲಾವಶೇಷವು ಸಿಕ್ಕಿದ್ದು ಜರ್ಮನಿಯ ದಕ್ಷಿಣದ ಅಂಚಿನಲ್ಲಿ. ಒಂದು ಕಾಲದಲ್ಲಿ ಯೂರೋಪಿನಲ್ಲಿಯೂ ಹಬ್ಬಿದ್ದ ಈ ಕುಲವು ಈಗ ಚೀನ ಜಪಾನುಗಳಲ್ಲಿ ಮಾತ್ರ ಉಳಿದಿದೆ. ಅಮೆರಿಕದ ಪೂರ್ವಭಾಗದ ಹೊಳೆಗಳಲ್ಲಿರುವ ಹೆಲ್‌ಬೆಂಡರ್ ಎಂಬುದೊಂದು ಚಿಕ್ಕ ದಾಯಾದಿ.

ಎರಡು ಜಾತಿಗಳಿಗೂ ಸಮಾನವಾದ ಲಕ್ಷಣಗಳು ಇವು. ತಲೆ ಬಹಳ ಅಗಲ, ಚಪ್ಪಟೆ. ಬಾಯಿ ತಲೆಯಷ್ಟೇ ಅಗಲ. ಕಣ್ಣುಗಳು ಅತಿ ಚಿಕ್ಕವು, ರೆಪ್ಪೆಗಳಿಲ್ಲ. ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಐದು ಬೆರಳುಗಳು. ಬಾಲವು ಪಕ್ಕಗಳಿಂದ ಒತ್ತಿದಂತೆ ತೆಳ್ಳಗಿದ್ದು ಈಜುವುದಕ್ಕೆ ನೆರವಾಗುತ್ತದೆ. ಮೈಯ ಎರಡು ಪಾರ್ಶ್ವಗಳಲ್ಲಿಯೂ ತೊಗಲು ನಿರಿಗೆನಿರಿಗೆಯಾಗಿ ಜೋಲುತ್ತದೆ. ಈ ನಿರಿಗೆಗಳು ನಿರರ್ಥಕವಲ್ಲ. ಬೆಳೆದ ಪ್ರಾಣಿಗೆ ಕಿವಿರುಗಳಿಲ್ಲ; ಶ್ವಾಸಕೋಶವಿದ್ದರೂ ಉಸಿರಾಟಕ್ಕೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ; ಬೇಕಾದ ಆಮ್ಲಜನಕವನ್ನು ಬಹುಮಟ್ಟಿಗೆ ತೊಗಲಿನ ಮೂಲಕವೇ ನೀರಿನಿಂದ ಹೀರಿಕೊಳ್ಳಬೇಕು. ನಿರಿಗೆಗಳಿರುವುದರಿಂದ ತೊಗಲಿನ ವಿಸ್ತಾರ ಹೆಚ್ಚುತ್ತದೆ. ತಣ್ಣಗಿದ್ದು, ಕಲ್ಲುಗಳ ಮೇಲೆ ನೊರೆಯೆಬ್ಬಿಸುತ್ತ ಹರಿಯುವ ಬೆಟ್ಟದ ಹೊಳೆಗಳಲ್ಲಿ ಆಮ್ಲಜನಕ ಹೆಚ್ಚಾಗಿರುವುದರಿಂದ ಅಂಥ ಹೊಳೆಗಳನ್ನು ಬಿಟ್ಟು ಈ ಪ್ರಾಣಿಗಳು ಬಾಳಲಾರವು. ನಿಂತು ಬೆಚ್ಚಗಾದ ನೀರು, ಕೊಳೆತ ನೀರು ಇವಕ್ಕೆ ಉಸಿರುಗಟ್ಟಿಸತಕ್ಕವು. ಹೊಳೆಗೆ ಕಟ್ಟೆ ಹಾಕಿದರೆ ಇವು ಕೆಡುವುದಕ್ಕೆ ಮೂಲಕಾರಣವನ್ನು ಈ ದೇಹರಚನೆಯಲ್ಲಿಯೇ ಕಾಣಬಹುದು.

ಹಗಲೆಲ್ಲ ಬಂಡೆಯ ಕೆಳಗೋ ದಡದ ಬಿಲದಲ್ಲಿಯೋ ಅಡಗಿದ್ದು ಇರುಳು ಹೊರಬರುತ್ತವೆ. ಮೀನು, ಏಡಿ, ಕಪ್ಪೆ, ಹುಳು, ಎದುರಿಗೆ ಬಂದದ್ದೆಲ್ಲ ಆಹಾರವೇ. ಬೇಟೆಯನ್ನು ಬೆನ್ನಟ್ಟುವುದಿಲ್ಲ; ಅಲುಗದೆ ಕಾದಿದ್ದು, ಸಮೀಪಕ್ಕೆ ಬಂದೊಡನೆ ಬಾಯಿಯನ್ನು ಥಟ್ಟನೆ ತೆರೆದು ನೀರಿನೊಡನೆ ಒಳಕ್ಕೆ ಸೆಳೆದುಕೊಳ್ಳುತ್ತವೆ. ಆಯುಸ್ಸು ದೀರ್ಘವಾದುದು. ಸೀಬೋಲ್ಡ್ ಎಂಬ ಜರ್ಮನ್ ವೈದ್ಯನು ಜಪಾನನ್ನು ಬಿಟ್ಟು ಬರುವಾಗ ತಂದ ಒಂದು ಪ್ರಾಣಿ ೧೮೩೦ರಲ್ಲಿ ಹಾಲೆಂಡನ್ನು ಸೇರಿ, ಅಮ್‌ಸ್ಟರ್‌ಡಾಮಿನ ಮೃಗಾಲಯದಲ್ಲಿ ೧೮೮೧ರವರೆಗೆ ಬದುಕಿತ್ತು. ಟೆಮ್ಮಿಂಕನು ೧೮೩೬ರಲ್ಲಿ ಜಪಾನಿನ ಜಾತಿಗೆ ಶಾಸ್ತ್ರೀಯ ನಾಮವನ್ನಿಟ್ಟನು. ಚೀನದ ಜಾತಿಗೆ ಬ್ಲಾಂಷಾರನು ೧೮೭೧ರಲ್ಲಿ ಹೆಸರಿಟ್ಟನು. ಅದನ್ನು ಸಂಗ್ರಹಿಸಿಕೊಟ್ಟ ಅರ್ಮಾನ್ ಡೇವಿಡ್ ಎಂಬ ಫ್ರೆಂಚ್ ಪಾದ್ರಿಯ ನೆನಪು ಆ ಹೆಸರಿನಲ್ಲಿದೆ.

ಭೇದಗಳೇನು? ಗಾತ್ರದಲ್ಲಿ ಚೀನದ್ದು ಮೇಲು, ೧.೮ ಮೀಟರು, ಎಂದರೆ ಸುಮಾರು ೬ ಅಡಿ ಉದ್ದದ ಪ್ರಾಣಿಯ ದಾಖಲೆಯಿದೆ. ಜಪಾನಿನದು ೧.೫ ಮೀಟರಿನ ಸುಮಾರಿಗೆ ನಿಲ್ಲುತ್ತದೆ. ಇವು ಪರಮಾವಧಿಯ ಅಳತೆಗಳು. ಈಗ ಕಾಣಸಿಗುವವು ಇದಕ್ಕಿಂತ ಎಷ್ಟೋ ಚಿಕ್ಕವು. ಖಚಿತವಾದ ಗುರುತು ತಲೆಯ ಮೇಲಿನ ಗಂಟುಗಳಲ್ಲಿದೆ. ಜಪಾನಿನ ಪ್ರಾಣಿಯ ತಲೆಯಲ್ಲಿ ಗಂಟುಗಳು ದಪ್ಪವಾಗಿ, ಒಂಟೊಂಟಿಯಾಗಿ, ಕ್ರಮವಿಲ್ಲದೆ ಚೆದರಿರುತ್ತವೆ. ಚೀನದ ಪ್ರಾಣಿಯಲ್ಲಿ ಅವು ಸಣ್ಣವಾಗಿದ್ದು ಎರಡೆರಡಾಗಿ ಜೋಡಿಗೂಡಿರುತ್ತವೆ. ಮೈಬಣ್ಣ ಒಂದೊಂದು ಪ್ರಾಣಿಯಲ್ಲಿ ಒಂದೊಂದು ತರವಾಗಿರುವುದರಿಂದ ಅದನ್ನು ನೆಚ್ಚಲಾಗದು. ಎರಡು ಜಾತಿಗಳೂ ಕೂಡಿ ಹುಟ್ಟಿದ ಮಿಶ್ರತಳಿಯಲ್ಲಿ ಗಂಟುಗಳ ಗುರುತೂ ಕೈಕೊಡುತ್ತದೆ. ಆಗ ಆನುವಂಶಿಕ ದ್ರವ್ಯವನ್ನು ಪರೀಕ್ಷಿಸುವುದೊಂದೇ ದಾರಿ.

ದೇಶಭಾಷೆಗಳ ಹೆಸರುಗಳು ಶಾಸ್ತ್ರನಾಮಗಳಿಗಿಂತ ಸೊಗಸಾಗಿವೆ. ಚೀನದವರು ಇದನ್ನು ‘ವಾವಾಯೂ’, ಕೂಸುಮೀನು, ಎನ್ನುತ್ತಾರೆ. ಇದರ ಕೂಗು ಎಳೆಗೂಸಿನ ಅಳುವಿನಂತಿದೆಯೆಂದು ಅವರ ನಂಬಿಕೆ. ಜಪಾನಿನಲ್ಲಿ ‘ಓಸಾನ್‌ಶೋಉಓ’, ದೊಡ್ಡ ಮೆಣಸುಮೀನು. ಕೆಣಕಿದಾಗ ಇದರ ತೊಗಲಿನಿಂದ ಒಸರುವ ಬಿಳಿಯ ಲೋಳೆಗೆ ಆ ದೇಶದ ‘ಸಾನ್‌ಶೋ’ ಎಂಬ ಮೆಣಸಿನ ವಾಸನೆಯಿದೆಯಂತೆ. ‘ಹನ್‌ಸಾಕಿ’ ಎಂಬ ಇನ್ನೊಂದು ಹೆಸರಿಗೆ, ಎರಡಾಗಿ ಸೀಳಿದರೂ ಸಾಯದ್ದು ಎಂದು ಜನರು ಅರ್ಥಹೇಳುತ್ತಾರೆ. ಒಕಾಯಾಮ ಪ್ರಾಂತದ ಯುಬರ ಎಂಬಲ್ಲಿ ಇದಕ್ಕೊಂದು ಗುಡಿಯೂ ಉಂಟು, ಉತ್ಸವವೂ ಉಂಟು.

ಸಂತಾನಕ್ರಮವು ಜಪಾನಿನ ಜಾತಿಯಲ್ಲಿ ಚೆನ್ನಾಗಿ ಪರಿಶೋಧಿತವಾಗಿದೆ. ಆಗಸ್ಟಿನ ಕೊನೆಯಿಂದ ಸೆಪ್ಟೆಂಬರಿನವರೆಗೆ ಬೆದೆಯ ಕಾಲ. ಬಲಿಷ್ಠವಾದ ಗಂಡೊಂದು ದಡದ ಮಣ್ಣಿನಲ್ಲಿ, ಬಾಯಿ ನೀರಿನೊಳಗಿರುವಂಥ ಬಿಲವನ್ನು ವಶಪಡಿಸಿಕೊಂಡು, ಶುಚಿಮಾಡಿ, ಇತರ ಗಂಡುಗಳನ್ನು ಕಚ್ಚಾಡಿ ಓಡಿಸುತ್ತದೆ. ಇದಕ್ಕೆ ಜಪಾನೀಯರು ‘ನೂಷಿ’, ಯಜಮಾನ, ಎನ್ನುತ್ತಾರೆ. ಹೆಣ್ಣು ಒಳಹೊಕ್ಕು ಜಪಮಣಿಗಳ ಸರದಂತೆ ನಾನೂರು ಐನೂರು ಮೊಟ್ಟೆಗಳನ್ನಿಟ್ಟು ಹೊರಟುಹೋಗುತ್ತದೆ. ಸಾಲಮಾಂಡರುಗಳಲ್ಲಿ ಬಹುಪಾಲು ಜಾತಿಗಳಿಗೆ ಗರ್ಭಾಂಕುರವಾಗುವುದು ಹೆಣ್ಣಿನ ದೇಹದೊಳಗೆ. ಇವುಗಳಲ್ಲಿ ಮಾತ್ರ ಮೀನುಗಳಲ್ಲಿರುವಂತೆ ಹೊರಗೆ, ನೀರಿನಲ್ಲಿ. ಅಲ್ಲಿಂದ ಮುಂದೆ ಕಾವಲು ಗಂಡಿನದು. ಅದು ಬಾಲವನ್ನು ಬೀಸಣಿಗೆಯಂತೆ ಆಡಿಸಿ ಮೊಟ್ಟೆಗಳಿಗೆ ಹೊಸನೀರನ್ನು ಒದಗಿಸುತ್ತದೆ. ಬೂಷ್ಟುಹಿಡಿದ ಮೊಟ್ಟೆಗಳನ್ನು ಆಯ್ದು ತಿಂದುಬಿಡುತ್ತದೆ. ಮರಿಗಳು ಹೊರಬಂದ ಮೇಲೂ ಚಳಿಗಾಲವೆಲ್ಲ ಬಿಲದಲ್ಲಿಯೇ ಇದ್ದು, ಅದು ಕಳೆಯುತ್ತಿರುವಾಗ ಹೊಳೆಗೆ ಇಳಿಯುವವರೆಗೆ ತಂದೆ ಬಿಲವನ್ನು ಬಿಡುವುದಿಲ್ಲ. ಕಪ್ಪೆಯ ವರ್ಗಕ್ಕೆ ಸೇರಿದ ಪ್ರಾಣಿಯಲ್ಲಿ ಇಷ್ಟು ದೀರ್ಘವಾದ ಪಿತೃಪಾಲನೆ ಅಪೂರ್ವ.

ಇಷ್ಟನ್ನು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವುಂಟು. ಜಪಾನಿನಲ್ಲಿ ಈ ಪ್ರಾಣಿಯ ಹಣೆಬರೆಹವೆಲ್ಲ ಆ ಬಿಲದ ಮೇಲೆ ನಿಂತಿದೆ. ಅದರ ನೆಲೆ ಹೊನ್‌ಶು ದ್ವೀಪದ ಪಶ್ಚಿಮಾರ್ಧ, ಶಿಕೊಕು ಮತ್ತು ಕ್ಯೂಷುಗಳ ಕೆಲವು ಭಾಗಗಳು. ಹಿಂದೆ ಜನರು ಇದನ್ನು ತಿನ್ನುತ್ತಿದ್ದರು. ೧೯೫೨ರಲ್ಲಿ ಸರ್ಕಾರದವರು ಇದನ್ನು ‘ವಿಶೇಷ ಪ್ರಕೃತಿಸ್ಮಾರಕ’ವೆಂದು ಘೋಷಿಸಿದರು. ಎಂದರೆ ದೇಶದ ಪುರಾತನ ದೇವಾಲಯಗಳನ್ನೂ ಚಿತ್ರಗಳನ್ನೂ ಕಾಪಾಡುವ ಕಾನೂನೇ ಇದನ್ನೂ ಕಾಪಾಡುತ್ತದೆ. ಅನುಮತಿಯಿಲ್ಲದೆ ಹಿಡಿಯುವಂತಿಲ್ಲ, ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸುವಂತಿಲ್ಲ. ಬೇಟೆಯನ್ನು ನಿಲ್ಲಿಸುವುದಕ್ಕೆ ಇದು ಬಹಳ ಸಮರ್ಥವಾದ ಕಟ್ಟಳೆಯಾಯಿತು. ಆದರೆ ಸ್ಮಾರಕವು ಪ್ರಾಣಿ. ಅದು ವಾಸಿಸುವ ಹೊಳೆಯಲ್ಲ. ಪ್ರವಾಹವನ್ನು ತಡೆಯಲೆಂದು ದಡಗಳಿಗೆ ಕಾಂಕ್ರೀಟ್ ಹಾಕಿದರು. ಗದ್ದೆಗಳಿಗಾಗಿ ಹೆಜ್ಜೆಹೆಜ್ಜೆಗೂ ಒಡ್ಡುಗಳನ್ನು ಕಟ್ಟಿದರು. ಕಾಂಕ್ರೀಟಿನಲ್ಲಿ ಬಿಲವಿರಲು ಸಾಧ್ಯವಿಲ್ಲ. ಬೆದೆಗಾಲದಲ್ಲಿ ಮೇಲ್ಹೊಳೆಗೆ ಹೋಗಬೇಕಾದ ಪ್ರಾಣಿ ಮೊಳದೆತ್ತರದ ಒಡ್ಡಿನ ಗೋಡೆಯನ್ನು ಹತ್ತಲಾರದೆ ಅದರ ಬುಡದಲ್ಲಿಯೇ ನಿಲ್ಲುತ್ತದೆ. ಬೆಳೆದವು ಬಹುಕಾಲ ಬದುಕುವುದರಿಂದ ಹೊಳೆಯಲ್ಲಿ ಸಂಖ್ಯೆ ಕುಗ್ಗಿದಂತೆ ತೋರುವುದಿಲ್ಲ. ಮರಿಗಳಿಲ್ಲವೆಂಬುದು ತಿಳಿಯುವ ವೇಳೆಗೆ ಒಂದು ತಲೆಮಾರು ಕಳೆದಿರುತ್ತದೆ. ಕೆಲವೆಡೆಗಳಲ್ಲಿ ಒಡ್ಡುಗಳ ಪಕ್ಕದಲ್ಲಿ ಇಳಿಜಾರಿನ ಹಾದಿಗಳನ್ನೂ, ದಡದಲ್ಲಿ ಕೃತಕ ಬಿಲಗಳನ್ನೂ ಕಟ್ಟಿಕೊಟ್ಟಿದ್ದಾರೆ. ಹಿರೋಷಿಮದ ಆಸ ಮೃಗಾಲಯದವರು ೧೯೭೯ರಲ್ಲಿ ಈ ಜಾತಿಯನ್ನು ಸೆರೆಯಲ್ಲಿ ಮರಿಮಾಡಿಸುವುದರಲ್ಲಿ ಸಫಲರಾದರು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಘದ ಕೆಂಪುಪಟ್ಟಿಯಲ್ಲಿ ೨೦೦೪ರಲ್ಲಿ ‘ಅಪಾಯಕ್ಕೆ ಸಮೀಪವಾದುದು’ ಎಂದಿದ್ದ ಈ ಜಾತಿಯನ್ನು ಈಚೆಗೆ ‘ಅಪಾಯಕ್ಕೆ ಒಳಗಾಗತಕ್ಕದ್ದು’ ಎಂಬ ಮೇಲಿನ ಶ್ರೇಣಿಗೆ ಏರಿಸಿದ್ದಾರೆ.

ಚೀನದ ಜಾತಿಯ ಸ್ಥಿತಿ ಇದಕ್ಕಿಂತ ಬಹಳ ಶೋಚನೀಯ. ಯಾಂಗ್‌ಟ್ಸಿ, ಹಳದಿ ನದಿ, ಮುತ್ತಿನ ನದಿ, ಈ ಮೂರು ಮಹಾನದಿಗಳ ಮಲೆಹೊಳೆಗಳಲ್ಲೆಲ್ಲ ಹರಡಿದ್ದ ಪ್ರಾಣಿಯಿದು. ಇದರ ಮಾಂಸಕ್ಕೆ ಗಿರಾಕಿ ಹೆಚ್ಚಿತು. ಔಷಧವೆಂಬ ಖ್ಯಾತಿಯೂ ಸೇರಿತು. ಅಲ್ಲಿಯ ಕಾನೂನು ಇದನ್ನು ೧೯೮೦ರ ದಶಕದ ಕೊನೆಯಲ್ಲಿ ಎರಡನೆಯ ದರ್ಜೆಯ ರಕ್ಷಿತಪ್ರಾಣಿಯನ್ನಾಗಿ ಮಾಡಿತಾದರೂ ಹಿಡಿಯುವುದು ನಿಲ್ಲಲಿಲ್ಲ. ಕೆಂಪುಪಟ್ಟಿಯವರು ೨೦೦೪ರಲ್ಲಿ ಇದನ್ನು ‘ಅಳಿವಿನ ತೀರ ಸಮೀಪದಲ್ಲಿರುವುದು’ ಎಂಬ ಶ್ರೇಣಿಗೆ ಸೇರಿಸಿದರು. ಇಷ್ಟಾದರೂ ಈ ಪ್ರಾಣಿ ಸಂಖ್ಯೆಯಲ್ಲಿ ವಿರಳವಲ್ಲ! ಷೆನ್ಸಿ ಪ್ರಾಂತದ ಚಿನ್‌ಲಿಂಗ್ ಬೆಟ್ಟಗಳನ್ನು ಕೇಂದ್ರವಾಗಿಟ್ಟುಕೊಂಡು ಸಾಕಣೆಯ ಕೊಳಗಳು ಹಬ್ಬಿ, ಲಕ್ಷಗಟ್ಟಲೆ ಪ್ರಾಣಿಗಳು ಊಟದ ಮೇಜಿಗಾಗಿ ಬೆಳೆಯುತ್ತಿವೆ. ಸಾಕಿದವು ದೊರೆತರೆ ಕಾಡಿನವನ್ನು ಯಾರೂ ಮುಟ್ಟಲಾರರೆಂಬ ವಾದವು ಕೇಳುವುದಕ್ಕೆ ಸಮಂಜಸವಾಗಿತ್ತು. ನಡೆದದ್ದು ಬೇರೆ. ಕೊಳಗಳನ್ನು ತುಂಬುವುದಕ್ಕೇ ಹೊಳೆಗಳನ್ನು ಬರಿದುಮಾಡಿದರು. ಬೇರೆಬೇರೆ ನದಿಗಳಿಂದ ತಂದವನ್ನು ಒಂದೆಡೆಯಲ್ಲಿ ಕೂಡಿಹಾಕಿದರು. ದಟ್ಟಣೆಯಲ್ಲಿ ರಾನಾವೈರಸ್ ಎಂಬ ರೋಗ ತಲೆದೋರಿತು.

ಚೀನದ ಮತ್ತು ಬ್ರಿಟನ್ನಿನ ಶಾಸ್ತ್ರಜ್ಞರು ಸೇರಿ ೨೦೧೩ರಿಂದ ೨೦೧೬ರವರೆಗೆ, ನಮ್ಮ ತಾಲ್ಲೂಕುಗಳಿಗೆ ಹೋಲಿಸಬಹುದಾದ ೯೭ ವಿಭಾಗಗಳಲ್ಲಿ ಹೊಳೆಹೊಳೆಗಳನ್ನೂ ಇಳಿದು ಶೋಧಿಸಿದರು. ಇಷ್ಟು ವಿಸ್ತಾರದಲ್ಲಿ ನಾಲ್ಕೇ ಸ್ಥಳಗಳಲ್ಲಿ ಒಟ್ಟು ೨೪ ಪ್ರಾಣಿಗಳು ಕಂಡುವು. ೨೦೧೮ರಲ್ಲಿ ಪ್ರಕಟವಾದ ಈ ಫಲಿತಾಂಶದ ಜೊತೆಗೆ ಇನ್ನೊಂದು ವಿಷಯವೂ ಹೊರಬಿತ್ತು: ಆ ಸಿಕ್ಕವೂ ಆಯಾ ಹೊಳೆಯ ಮೂಲನಿವಾಸಿಗಳಾಗಿರಲಿಲ್ಲ, ಸಾಕಣೆಯ ಕೊಳಗಳಿಂದ ತಪ್ಪಿಸಿಕೊಂಡವೋ ಬೇಕೆಂದು ಬಿಟ್ಟವೋ ಆಗಿರಬೇಕೆಂದು ಆನುವಂಶಿಕ ಪರೀಕ್ಷೆಯಿಂದ ತೋರಿತು. ಬೇಕೆಂದು ಬಿಟ್ಟವು ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಜಾತಿಯನ್ನು ಉದ್ಧಾರಮಾಡುವ ಸದುದ್ದೇಶದಿಂದಲೇ ಸರ್ಕಾರದವರು ಸಾಕಿದ ಪ್ರಾಣಿಗಳನ್ನು ಹತ್ತಾರು ಸಾವಿರಗಳ ಸಂಖ್ಯೆಯಲ್ಲಿ ಹೊಳೆಗಳಿಗೆ ಬಿಡಿಸಿದ್ದರು.

ಇದರಲ್ಲಿ ದೋಷವೇನೆಂದು ಕೇಳಬಹುದು. ಚೀನದ ಮಹಾಸಾಲಮಾಂಡರ್ ಒಂದೇ ಜಾತಿಯಾಗಿದ್ದ ಪಕ್ಷದಲ್ಲಿ ದೋಷವು ಅಲ್ಪವೇ ಆಗುತ್ತಿತ್ತು. ಆದರೆ ಅದೇ ೨೦೧೮ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯಿಂದ, ಒಂದು ಜಾತಿಯೆಂದು ಎಣಿಸಿದ್ದು ಕಡಮೆಯೆಂದರೆ ಐದು ಪ್ರತ್ಯೇಕವಂಶಗಳ ಸಮುದಾಯವೆಂದೂ, ಇವು ಒಂದರಿಂದೊಂದು ಬೇರೆಯಾಗಿ ಹತ್ತಾರು ಲಕ್ಷ ವರ್ಷಗಳು ಕಳೆದಿವೆಯೆಂದೂ ತಿಳಿದುಬಂದಿತು. ಬೆಟ್ಟಸಾಲುಗಳಿಂದ ಬೇರ್ಪಟ್ಟ ನದೀಪಾತ್ರಗಳಲ್ಲಿ ನಡೆಯುತ್ತ ದಾಟಿಹೋಗಲಾರದ ಪ್ರಾಣಿಗಳು ಬೇರೆಬೇರೆಯಾಗಿ ಬೆಳೆದದ್ದು ಆಶ್ಚರ್ಯವೇನೂ ಅಲ್ಲ. ೧೯೨೪ರಷ್ಟು ಹಿಂದೆಯೇ ಬೌಲೆಂಜರ್ ಎಂಬ ಪ್ರಾಣಿಶಾಸ್ತ್ರಜ್ಞನು, ಹಾಂಗ್‌ಕಾಂಗಿನಲ್ಲಿ ಸಿಕ್ಕಿ ಲಂಡನ್ನಿನ ಮೃಗಾಲಯಕ್ಕೆ ಬಂದಿದ್ದ ಒಂದು ಪ್ರಾಣಿಯನ್ನು ಬೇರೊಂದು ಜಾತಿಯೆಂದು ಗಣಿಸಿ, ಸ್ಲೈಗೋ ಪ್ರಭುವಿನ ಹೆಸರಿನಿಂದ ‘ಸ್ಲಿಗೋಯಿ’ ಎಂದು ಕರೆದಿದ್ದನು. ಅವನ ಮಾತನ್ನು ಯಾರೂ ಮನ್ನಿಸಲಿಲ್ಲ. ವಸ್ತುಸಂಗ್ರಹಾಲಯಗಳ ಹಳೆಯ ಮಾದರಿಗಳನ್ನು ಪರೀಕ್ಷಿಸಿದ ಮೇಲೆ, ೨೦೧೯ರಲ್ಲಿ, ಅದು ದಕ್ಷಿಣಚೀನದ ಪ್ರತ್ಯೇಕ ಜಾತಿಯೆಂದು ಅಂಗೀಕೃತವಾಯಿತು. ೨೦೨೨ರಲ್ಲಿ ಜಿಯಾಂಗ್‌ಸಿ ಪ್ರಾಂತದ ಒಂದು ರಕ್ಷಿತಾರಣ್ಯದ ಹೊಳೆಯಲ್ಲಿ ಬೆರಕೆಯಾಗದೆ ಉಳಿದಿದ್ದ ಪ್ರಾಣಿಗಳಿಗೆ ‘ಜಿಯಾಂಗ್‌ಸಿಯೆನ್ಸಿಸ್’ ಎಂಬ ಹೆಸರು ಬಂದಿತು. ಈ ಶೋಧಗಳಲ್ಲೆಲ್ಲ ಆಶೆಯನ್ನು ಹುಟ್ಟಿಸತಕ್ಕದ್ದು ಇದೊಂದೇ. ಉಳಿದೆಡೆಗಳಲ್ಲಿ ಒಂದು ನದಿಯ ವಂಶವನ್ನು ಮತ್ತೊಂದು ನದಿಗೆ ಬಿಟ್ಟುದರಿಂದ ರಕ್ಷಣೆಯೇ ಬೆರಕೆಗೆ ದಾರಿಮಾಡಿಕೊಟ್ಟಿತು. ಸಂಖ್ಯೆಯು ಏರುತ್ತಿದ್ದಂತೆಯೇ, ಇನ್ನೂ ಹೆಸರನ್ನು ಕೂಡ ಪಡೆಯದ ಜಾತಿಗಳು ಕೊಳಗಳಲ್ಲಿ ಕರಗಿಹೋಗುತ್ತಿವೆ.

ಈಗ ಜಪಾನಿಗೆ ಹಿಂದಿರುಗಬೇಕು. ೧೯೭೦ರ ದಶಕದ ಆರಂಭದಲ್ಲಿ, ತಮ್ಮ ದೇಶದ ಪ್ರಾಣಿಯನ್ನು ಮುಟ್ಟುವಂತಿಲ್ಲದ ಆ ದೇಶಕ್ಕೆ, ಚೀನದ ಮಹಾಸಾಲಮಾಂಡರುಗಳನ್ನು ತಿನ್ನುವುದಕ್ಕಾಗಿ ತರಿಸಿದರು. ಅವುಗಳಲ್ಲಿ ಕೆಲವು ಹೇಗೋ ಹೊಳೆಯನ್ನು ಸೇರಿದುವು. ಕ್ಯೋಟೋ ನಗರದ ನಡುವೆ ಹರಿಯುವ ಕಾಮೋ ನದಿಯಲ್ಲಿ ಕ್ಯೋಟೋ ವಿಶ್ವವಿದ್ಯಾನಿಲಯದ ಮತ್ಸುಯಿ ಮಸಾಫುಮಿಯವರೂ ಸಂಗಡಿಗರೂ ನಡೆಸಿದ ಪರೀಕ್ಷೆಗಳಿಂದ, ಅಲ್ಲಿಯ ಪ್ರಾಣಿಗಳಲ್ಲಿ ಅಧಿಕಾಂಶವು ಮಿಶ್ರತಳಿಯೆಂಬುದು ಖಚಿತವಾಯಿತು. ದೀರ್ಘಕಾಲ ಸಮುದ್ರದಿಂದ ಅಗಲಿದ್ದರೂ ಈ ದಾಯಾದಿಗಳು ಸುಲಭವಾಗಿ ಕೂಡುತ್ತವೆ. ಹುಟ್ಟಿದ ಮಿಶ್ರತಳಿಯೂ ಬಂಜೆಯಲ್ಲ. ಬೆರಕೆಯ ಗಂಡು ಬಿಲದ ಯಜಮಾನನಾದರೆ ಆ ವರ್ಷದ ಸಂತತಿಯೆಲ್ಲ ಬೆರಕೆಯೇ. ಹೊಳೆಯಲ್ಲಿ ಪ್ರಾಣಿಗಳು ತುಂಬಿರುತ್ತವೆ, ನೋಡಿದವರು ಸಂತೋಷಪಡುತ್ತಾರೆ, ಜಪಾನಿನ ಜಾತಿ ಮಾತ್ರ ಅಲ್ಲಿರುವುದಿಲ್ಲ.

ಇಲ್ಲಿ ಒದಗಿದ ಧರ್ಮಸಂಕಟವನ್ನು ವಾಚಕರು ಗಮನಿಸಬೇಕು. ತವರಿನಲ್ಲಿ ಅಳಿವಿನ ಅಂಚನ್ನು ಮುಟ್ಟಿರುವ ಪ್ರಾಣಿಯೇ ನೆರೆನಾಡಿನಲ್ಲಿ ಆಕ್ರಮಣಕಾರಿಯಾಗಿದೆ. ಅದನ್ನು ಕೊಂದರೆ ಪ್ರಪಂಚದ ಅತಿ ಅಪೂರ್ವವಾದ ಉಭಯಚರವನ್ನು ಕೊಂದಂತೆ. ಬಿಟ್ಟರೆ ಇನ್ನೊಂದು ಅಪೂರ್ವವಾದ ಜಾತಿಯನ್ನು ಕೈಯಾರೆ ಕಳೆದುಕೊಂಡಂತೆ. ಬಹುಕಾಲ ಮಾಡುತ್ತಿದ್ದುದು ಮಧ್ಯಮಮಾರ್ಗ: ಹಿಡಿದು, ಪರೀಕ್ಷಿಸಿ, ಶುದ್ಧವಾದವನ್ನು ಹೊಳೆಗೆ ಮರಳಿಸಿ, ಬೆರಕೆಯವನ್ನು ತೊಟ್ಟಿಗಳಲ್ಲಿ ಸಾಕುವುದು. ಐವತ್ತು ವರ್ಷ ಬದುಕಬಲ್ಲ ಪ್ರಾಣಿಗೆ ತೊಟ್ಟಿಯಲ್ಲಿ ಜಾಗವನ್ನು ಎಷ್ಟೆಂದು ಒದಗಿಸುವುದು! ೨೦೨೪ರ ಜುಲೈ ತಿಂಗಳಲ್ಲಿ ಜಪಾನಿನ ಸರ್ಕಾರವು ಚೀನದ ಜಾತಿಯನ್ನೂ ಮಿಶ್ರತಳಿಯನ್ನೂ ಹಾನಿಕರವಾದ ಪರದೇಶೀ ಜೀವಿಗಳ ಪಟ್ಟಿಗೆ ಸೇರಿಸಿ, ಅವುಗಳನ್ನು ಅನುಮತಿಯಿಲ್ಲದೆ ಸಾಕುವುದನ್ನೂ ಸಾಗಿಸುವುದನ್ನೂ ಬಿಡುವುದನ್ನೂ ನಿಷೇಧಿಸಿತು. ಬಿಲಗಳನ್ನು ಉಳಿಸುವ ಕೆಲಸವು ಇದರೊಡನೆ ನಡೆಯದಿದ್ದರೆ ಈ ನಿಷೇಧದಿಂದ ಅರ್ಧ ಪ್ರಯೋಜನ ಮಾತ್ರ ದೊರೆಯಬಹುದೆಂದು ನಮ್ಮ ಅಭಿಪ್ರಾಯ.

ಅದೇ ೨೦೨೪ರಲ್ಲಿ ಇನ್ನೊಂದು ಸಂಗತಿಯೂ ಬೆಳಕಿಗೆ ಬಂದಿತು. ಜಪಾನಿನಲ್ಲಿದ್ದ ಪರದೇಶೀ ಮತ್ತು ಮಿಶ್ರತಳಿಯ ಸಾಲಮಾಂಡರುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದ ಶಾಸ್ತ್ರಜ್ಞರಿಗೆ, ಅವುಗಳ ನಡುವೆ ಬೆರಕೆಯಿಲ್ಲದ ನಾಲ್ಕು ಸ್ಲಿಗೋಯಿ ಪ್ರಾಣಿಗಳು ದೊರೆತುವು. ತವರಿನ ಹೊಳೆಗಳಲ್ಲಿ ಇದೆಯೋ ಇಲ್ಲವೋ ಎಂಬ ಸ್ಥಿತಿಯನ್ನು ಮುಟ್ಟಿದ್ದ ಜಾತಿಯು, ಯಾರ ಊಟಕ್ಕೋ ಎಂದು ಹಡಗಿನಲ್ಲಿ ಬಂದು, ತನ್ನ ಹೆಸರು ತನಗೆ ಮರಳಿ ಬರುವವರೆಗೆ ಪರದೇಶದಲ್ಲಿ ಉಳಿದಿತ್ತು. ಶೋಧವು ಪ್ರಕಟವಾಗುವ ವೇಳೆಗೆ ನಾಲ್ಕರಲ್ಲಿ ಎರಡು ಸತ್ತಿದ್ದುವು. ಬದುಕಿದ್ದ ಎರಡೂ ಗಂಡು. ಅವಕ್ಕೆ ಜೊತೆಯಾಗತಕ್ಕ ಹೆಣ್ಣನ್ನು ದಕ್ಷಿಣಚೀನದ ಹೊಳೆಗಳಲ್ಲಿಯೋ ಸಾಕಣೆಯ ಕೊಳಗಳಲ್ಲಿಯೋ ಇನ್ನು ಹುಡುಕಬೇಕಾಗಿದೆ.